ರಾಕ್ಷಸನಿಲ್ಲದ ಎರಡನೆಯ ಆಟ

ನಮ್ಮವರು ಕಟ್ಟಿದ ಮೊದಲ ಬಯಲಾಟದಲ್ಲಿ ರಾಕ್ಷಸ ನೆರಳು ಕದಿಯುತ್ತಿದ್ದ. ಮರದ ನೆರಳು, ಮನೆಯ ನೆರಳು, ನಿಂತ ದನದ ನೆರಳು, ಮನುಷ್ಯರ ನೆರಳು, ಎಲ್ಲವನ್ನೂ ಚಾಪೆ ಸುತ್ತಿದ ಹಾಗೆ ಸುತ್ತಿ ಬೆಟ್ಟದ ಮೇಲಿನ ಕೋಟೆಯ ಕಣಜಕ್ಕೆ ತುಂಬುತ್ತಿದ್ದ. ಯಾವ ಪುರಾಣದಲ್ಲೂ ಇಲ್ಲದ ಕಥೆ. ಮಿಡಿಗೇಶಿಯಿಂದ ಪಾವಗಡದ ಕಡೆಗೆ ಬೇಸಗೆಯ ಮಧ್ಯಾಹ್ನ ಒಮ್ಮೆ ನಡೆದವರಿಗೆ ಇಂಥ ರಾಕ್ಷಸ ಯಾಕೆ ಹೊಳೆದ ಎಂದು ಹೇಳಬೇಕಾಗಿಲ್ಲ. ಕೊನೆಯಲ್ಲಿ ರಾಜಕುಮಾರ ಅವನನ್ನು ಕೊಂದು ಕಣಜದ ಬಾಗಿಲು ತೆಗೆಯುತ್ತಿದ್ದ. ನೆರಳುಗಳೆಲ್ಲ ತಮ್ಮ ತಮ್ಮ ಒಡೆಯರನ್ನು ಹುಡುಕಿಕೊಂಡು ಬೆಟ್ಟ ಇಳಿದು ಬರುತ್ತಿದ್ದವು. ಅದನ್ನು ನೋಡಿ ನಮ್ಮೂರ ಅಜ್ಜಿಯರು ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದರು.

ನಮ್ಮವರು, ಅಂದರೆ ನನ್ನ ಗಂಡ, ನಮ್ಮೂರ ಶಾಲೆಯ ಮೇಷ್ಟ್ರು. ನನಗೆ ಅಕ್ಷರ ಕಲಿಸಿದವರೂ ಅವರೇ. ಹೆಂಡತಿ ಉದ್ಧಾರವಾಗಲಿ ಎಂದು ಕಲಿಸಿದರು ಅಂದುಕೊಳ್ಳಬೇಡಿ. ಅವರು ಬರೆದದ್ದು ಮಾರನೆಯ ದಿನ ಅವರಿಗೇ ಓದಲು ಬರುತ್ತಿರಲಿಲ್ಲ, ಅದಕ್ಕೆ. ಅವರು ಜಗುಲಿಯ ಮೇಲೆ ಅತ್ತಿಂದಿತ್ತ ಓಡಾಡುತ್ತ ಹೇಳುವುದು, ನಾನು ಕಂಬಕ್ಕೆ ಒರಗಿ ಕೂತು ಬರೆಯುವುದು. ಒಲೆಯ ಮೇಲೆ ಹುರುಳಿ ಸೀದು ಹೋದರೂ ರಾಜಕುಮಾರನ ಮಾತು ಮುಗಿಯುತ್ತಿರಲಿಲ್ಲ. ಅದೆಷ್ಟು ಬೈದುಕೊಂಡಿದ್ದೇನೋ ಆ ರಾಜಕುಮಾರನನ್ನು!

ರಾಕ್ಷಸನ ಪಾತ್ರ ಊರ ನೀರಗಂಟಿಯದು. ಕೆರೆಯ ತೂಬು ಎತ್ತಿ ಯಾರ ಗದ್ದೆಗೆ ಯಾವಾಗ ನೀರು ಎಂದು ಹಂಚುವ ಕೆಲಸ ಅವನದು. ಏರಿಯ ಮೇಲೆ ನಿಂತು ಕೂಗಿದರೆ ಕೊನೆಯ ಗದ್ದೆಯವನಿಗೂ ಕೇಳಬೇಕು, ಅಂಥ ಗಂಟಲು. ಪಂಜಿನ ಬೆಂಕಿಗೆ ರಾಳದ ಪುಡಿ ಎರಚಿ, ಆ ಜ್ವಾಲೆಯ ಹಿಂದಿನಿಂದ ಅವನು ಗರ್ಜಿಸಿಕೊಂಡು ಬಂದರೆ ಮಕ್ಕಳು ತಾಯಂದಿರ ಮಡಿಲಿಗೆ ನುಗ್ಗುತ್ತಿದ್ದವು. ಬೆಳಗ್ಗೆ ಮುಖದ ಬಣ್ಣ ತೊಳೆದರೆ ಇರುವೆಯನ್ನೂ ದಾಟಿ ಕಾಲಿಡುವ ಮನುಷ್ಯ. ನನ್ನ ಒಬ್ಬಳೇ ಮಗಳನ್ನು ಚಿಕ್ಕವಳಿದ್ದಾಗ ಅವನು ಹೆಗಲ ಮೇಲೆ ಕೂರಿಸಿಕೊಂಡು ಕೆರೆಗೆ ಹೋಗಿ, ತೂಬಿನಿಂದ ನೀರು ಧುಮುಕುವುದನ್ನು ತೋರಿಸುತ್ತಿದ್ದ. ಇಳಿ ಎಂದರೆ ಇಳಿಯುತ್ತಿರಲಿಲ್ಲ ಅವಳು. ಅವನ ಕಿವಿ ಎರಡನ್ನೂ ಹಿಡಿದು ಎತ್ತು ಹೊಡೆದ ಹಾಗೆ ಹೊಡೆಯುತ್ತಿದ್ದಳು.

ಮೊದಲ ಆಟ ಮುಗಿದ ಮಾರನೆಯ ದಿನದಿಂದಲೇ ಊರವರದು ಒಂದೇ ರಾಗ. ಮುಂದೇನಾಯ್ತು ಮೇಷ್ಟ್ರೇ? ನೆರಳು ಬಂತು ಸರಿ, ಆಮೇಲೆ? ಬಾವಿಕಟ್ಟೆಯಲ್ಲಿ ನನ್ನನ್ನೂ ಬಿಡಲಿಲ್ಲ. ಮುಂದಿನ ಕಥೆ ಕಟ್ಟುತ್ತೇನೆ ಎಂದು ನಮ್ಮವರು ಒಪ್ಪಿಕೊಂಡು ಬಂದರು. ಒಪ್ಪಿಕೊಂಡು ಬಂದ ಮೇಲೆ ತಲೆಯ ಮೇಲೆ ಕೈ ಹೊತ್ತು ಕೂತರು. ರಾಕ್ಷಸ ಸತ್ತಿದ್ದಾನೆ, ಇನ್ನು ರಾಜಕುಮಾರ ಯಾರ ಮೇಲೆ ಕತ್ತಿ ಬೀಸಬೇಕು?

"ಲೇ ಇವಳೇ, ಅವನ ತಮ್ಮ ಬಂದ ಅಂತ ಇಟ್ಕೊಂಡ್ರೆ?" ಎಂದರು ಒಂದು ದಿನ. ನಾನು ರಾಗಿ ಬೀಸುತ್ತಿದ್ದೆ.

"ಅಣ್ಣ ಸತ್ರೆ ತಮ್ಮ, ತಮ್ಮ ಸತ್ರೆ ಚಿಕ್ಕಪ್ಪ. ಆಮೇಲೆ ಅವರ ಸೋದರಮಾವನ್ನೂ ಕರೆಸಿ. ಆಟ ಕಟ್ತೀರೋ ಬೀಗರ ಊಟಕ್ಕೆ ಕರೀತೀರೋ?" ಎಂದೆ.

ಮುನಿಸಿಕೊಂಡು ಎದ್ದು ಹೋದರು. ಎರಡನೆಯ ಸಲ ಬಂದದ್ದು ಒಬ್ಬ ದುಷ್ಟ ಮಂತ್ರಿ. ಮರಳಿ ಬಂದ ನೆರಳಿಗೆ ಅವನು ಕಂದಾಯ ಹಾಕುತ್ತಾನೆ. ಹೊಂಗೆಯ ಕೆಳಗೆ ಕೂತರೆ ಇಷ್ಟು, ಆಲದ ಕೆಳಗೆ ಕೂತರೆ ಅಷ್ಟು. ನನಗಂತೂ ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು. ಆದರೆ ಕಂದಾಯದ ಲೆಕ್ಕ ಇಡುವ ಊರ ಶಾನುಭೋಗರು ಕೇಳಿ ಬೆವರಿದರು. ಮಧುಗಿರಿಯಿಂದ ಸಾಹೇಬರು ಯಾರಾದರೂ ಆಟಕ್ಕೆ ಬಂದರೆ ತಮ್ಮ ಗತಿ ಏನು ಎಂದರು. ಮಂತ್ರಿಯನ್ನೂ ಕೈಬಿಟ್ಟಾಯಿತು. ಆಮೇಲೆ ಮರೆವು ಎಂಬ ಒಬ್ಬ ಮಾಯಾವಿ ಬಂದ. ತಮ್ಮ ನೆರಳು ಯಾವುದು ಎಂಬುದನ್ನೇ ಜನ ಮರೆಯುವಂತೆ ಮಾಡುವವನು. ಅವನಿಗೆ ಮೀಸೆ ಇರಬೇಕೋ ಬೇಡವೋ ಎಂಬಲ್ಲೇ ಒಂದು ತಿಂಗಳು ಕಳೆಯಿತು.

ಆಗ ಅವರು ಹೇಳಿದ ಒಂದು ಮಾತು ನನಗೆ ಚೆನ್ನಾಗಿ ನೆನಪಿದೆ. ಜಗುಲಿಯ ಅಂಚಿಗೆ ಕೂತು, ಕಾಲು ಇಳಿಬಿಟ್ಟುಕೊಂಡು ಹೇಳಿದರು. "ನೋಡೇ, ಮೊದಲನೇ ಆಟ ಹೇಳಿದ್ದು ಏನು? ಕಳಕೊಂಡದ್ದು ತಿರುಗಿ ಬರುತ್ತೆ ಅಂತ. ಎರಡನೇದರಲ್ಲಿ ಬರೋನು ಆ ಮಾತಿಗೇ ಎದುರು ನಿಲ್ಲಬೇಕು. ಬರೀ ಕೋರೆಹಲ್ಲು ಸಾಲದು. ತಗೊಂಡದ್ದನ್ನ ವಾಪಸ್ಸು ಕೊಡದೇ ಇರೋನು ಬೇಕು, ಕೊಂದ್ರೂ ಕೊಡದೋನು." ಆಗ ನಾನು ಅದೇನು ದೊಡ್ಡ ಮಾತು ಎಂದು ಹಿಟ್ಟು ಜರಡಿ ಹಿಡಿಯುತ್ತ ಕೂತಿದ್ದೆ.

ಇಷ್ಟರಲ್ಲಿ ಮಗಳಿಗೆ ಮದುವೆಯಾಗಿತ್ತು. ಕೊಟ್ಟ ಊರು ಮೂಡಲ ದಿಕ್ಕಿನಲ್ಲಿ, ನಮ್ಮೂರ ಗಡಿಕಲ್ಲು ದಾಟಿ ಅರ್ಧ ದಿನದ ಗಾಡಿಯ ದಾರಿ, ನಿಡುಗಲ್ಲಿನ ಬೆಟ್ಟ ನೀಲಿಯಾಗಿ ಕಾಣುವ ಕಡೆ. ಅಲ್ಲಿ ಮನೆಯೊಳಗೂ ತೆಲುಗೇ ಹೆಚ್ಚು. ಆರು ತಿಂಗಳಲ್ಲಿ ಅವಳೂ ತೆಲುಗಿನಲ್ಲಿ ಜಗಳ ಆಡುವುದನ್ನು ಕಲಿತಿದ್ದಳು. ಒಳ್ಳೆಯ ಜನ, ಒಳ್ಳೆಯ ಅಳಿಯ. ಬಸುರಿಯಾದಳು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು, ಏಳನೆಯ ತಿಂಗಳಿಗೆ ಕರೆತರುವುದು ಎಂದು ಮಾತಾಗಿತ್ತು. ನಾನು ಹಳೆಯ ಸೀರೆಗಳನ್ನೆಲ್ಲ ಒಗೆದು ಮೆತ್ತಗೆ ಮಾಡಿ, ಬಾಣಂತಿ ಕೋಣೆಗೆ ಸುಣ್ಣ ಹೊಡೆಸಿ, ಹರಳೆಣ್ಣೆ ಕಾಸಿ ಇಟ್ಟಿದ್ದೆ.

ಏಳನೆಯ ತಿಂಗಳಿಗೆ ಸರಿಯಾಗಿ ನಮ್ಮೂರಿಗೆ ಜ್ವರ ಬಂತು. ದೊಡ್ಡ ಯುದ್ಧ ಮುಗಿಯುತ್ತಿದೆ ಎಂದು ಸಂತೆಯಲ್ಲಿ ಜನ ಮಾತಾಡಿಕೊಳ್ಳುತ್ತಿದ್ದ ವರ್ಷ ಅದು. ಬೆಳಗ್ಗೆ ಉಳುತ್ತಿದ್ದವನು ಸಂಜೆಗೆ ಹಾಸಿಗೆ, ಮೂರನೆಯ ದಿನಕ್ಕೆ ಮಣ್ಣು. ಗಟ್ಟಿಮುಟ್ಟಾದವರನ್ನೇ ಹುಡುಕಿ ಹೊತ್ತುಕೊಂಡು ಹೋಗುತ್ತಿತ್ತು. ಒಂದೇ ಮನೆಯಲ್ಲಿ ಅತ್ತೆ ಸೊಸೆ ಇಬ್ಬರೂ ಹೋಗಿ ಒಲೆ ಹಚ್ಚುವವರಿಲ್ಲದಂತಾಯಿತು. ಶಾಲೆಗೆ ಬೀಗ ಬಿತ್ತು. ನಾವು ಮಗಳಿಗೆ ಹೇಳಿಕಳಿಸಿದೆವು, ಸದ್ಯಕ್ಕೆ ಬರಬೇಡ, ಇಲ್ಲಿ ತಣ್ಣಗಾಗಲಿ ಎಂದು.

ನಮ್ಮವರಿಗೆ ಆ ಜ್ವರದಲ್ಲಿ ತಮ್ಮ ಎರಡನೆಯ ಆಟದ ಶತ್ರು ಕಾಣಿಸಿದ. ಜ್ವರಾಸುರ! ಬೆಂಕಿಯ ನಾಲಿಗೆ, ಮಂಜಿನ ಕೈ. ಅವನು ಮುಟ್ಟಿದವರ ನೆರಳು ಹಾಗೇ ನೆಲಕ್ಕೆ ಅಂಟಿ ಉಳಿಯುತ್ತದೆ, ಮನುಷ್ಯ ಇರುವುದಿಲ್ಲ. ನಾಲ್ಕೇ ದಿನದಲ್ಲಿ ಅರ್ಧ ಆಟ ಹೇಳಿ ಬರೆಸಿದರು. ಊರಿಗೆ ಧೈರ್ಯ ಬರಬೇಕು, ಆ ಮುಂಡೇಮಗನನ್ನು ಎಲ್ಲರ ಕಣ್ಣೆದುರು ಕಡಿದು ಹಾಕಬೇಕು ಎಂದು ಇವರು ಕುಣಿದಾಡಿದರು.

ಅದನ್ನು ಓದಿ ಹೇಳಿದ್ದು ಗೌಡರ ಮನೆಯ ಪಡಸಾಲೆಯಲ್ಲಿ. ಗೌಡರ ಹಿರಿಯ ಮಗ ಜ್ವರದಲ್ಲಿ ತೀರಿ ಹೋಗಿ ಇನ್ನೂ ತಲೆಗೂದಲು ತೆಗೆಸಿದ ಗುರುತು ಮಾಸಿರಲಿಲ್ಲ. ಅರ್ಧ ಕೇಳಿ ಅವರು ಕೈ ಎತ್ತಿದರು.

"ನಿಲ್ಸಿ ಮೇಷ್ಟ್ರೇ. ಬಂದಿರೋಳು ಅಮ್ಮ. ಅಮ್ಮನ್ನ ರಾಕ್ಷಸ ಅಂತೀರಾ? ಕಡಿಯೋದು ಬಡಿಯೋದು ಅಂದ್ರೆ ಇರೋ ನಾಕು ಮನೇನೂ ಉಳೀತಾವಾ? ಅಮ್ಮನ್ನ ಉಣ್ಣಕ್ಕಿಕ್ಕಿ, ಕೈ ಮುಗ್ದು, ಗಡಿ ದಾಟಿಸ್ಬೇಕು. ಅದೇ ಅಲ್ವಾ ನಾವು ಮಾಡ್ಕೊಂಡು ಬಂದಿರೋದು."

ನಮ್ಮವರು ವಾದ ಮಾಡಿದರು. ಯಾರೂ ಕೇಳಲಿಲ್ಲ. ಮನೆಗೆ ಬಂದು ಜಗುಲಿಯ ಮೇಲೆ ಅತ್ತಿಂದಿತ್ತ ಓಡಾಡಿದರು. ಆಮೇಲೆ ಮೆಲ್ಲಗೆ, "ಅವರು ಹೇಳೋದರಲ್ಲೂ ಒಂದು ಆಟ ಇದೆ ಕಣೇ" ಎಂದರು. ರಂಗದ ನಡುವೆ ಬೇವಿನ ಸೊಪ್ಪಿನ ಬುಟ್ಟಿ, ಅದರೊಳಗೊಂದು ದೀಪ. ಅಮ್ಮನ ಪಾತ್ರ ಯಾರೂ ಮಾಡುವುದಿಲ್ಲ. ಎಲ್ಲರೂ ಆ ಬುಟ್ಟಿಯ ಜೊತೆಗೇ ಮಾತಾಡುತ್ತಾರೆ, ಬೇಡಿಕೊಳ್ಳುತ್ತಾರೆ, ಕೊನೆಗೆ ಹೊತ್ತು ಗಡಿಗೆ ಒಯ್ಯುತ್ತಾರೆ. ರಾಕ್ಷಸನೇ ಇಲ್ಲದ ಆಟ. ಹಾಗಾದರೆ ನೀರಗಂಟಿಗೆ ಪಾತ್ರ? ಅಂಥ ಗಂಟಲನ್ನು ಸುಮ್ಮನೆ ಕೂರಿಸಲಾಗುತ್ತದೆಯೇ? ಅವನಿಗೆಂದು ಇವರು ಗಡಿ ಕಾಯುವ ವೀರನ ಪಾತ್ರ ಹುಟ್ಟಿಸಿದರು. ಅಮ್ಮನನ್ನು ಕಳಿಸಿದ ಮೇಲೆ ಅವನು ಕಲ್ಲಿನ ಪಕ್ಕ ದೊಣ್ಣೆ ಊರಿ ನಿಂತು ಆಣೆ ಇಡಬೇಕು: ಕಾರ್ತಿಕದ ಹುಣ್ಣಿಮೆಯವರೆಗೆ ಈ ಕಲ್ಲಿನ ಆಚೆಯಿಂದ ಈಚೆಗೆ ಒಂದು ಹುಳ ಬರಲು ಬಿಡುವುದಿಲ್ಲ, ಹೆತ್ತವಳೇ ಬಂದರೂ ಬಿಡುವುದಿಲ್ಲ. ಚೆನ್ನಾಗಿ ಬಂದಿದೆ ಎಂದು ನಾನೇ ಹೇಳಿದೆ. ಆಣೆಯ ಮಾತುಗಳನ್ನು ಎರಡು ಸಲ ಓದಿಸಿಕೊಂಡು ಕೇಳಿದೆ ಕೂಡ.

ಮಹಾನವಮಿ ಕಳೆದ ಮೇಲೆ ಆಟ ಆಯಿತು. ಮೊದಲಿನ ಆಟದಂತೆ ನಗುವಿಲ್ಲ, ಕೇಕೆಯಿಲ್ಲ. ಕೂತವರಲ್ಲಿ ಅರ್ಧ ಜನ ಯಾರನ್ನಾದರೂ ಕಳಕೊಂಡವರು. ಅಮ್ಮನ ಎದುರಿನ ಆಟವಾದ್ದರಿಂದ ಪೂಜಾರಿ ಪಾತ್ರಧಾರಿಗಳಿಗೆಲ್ಲ ಅರಿಸಿನದ ಕಂಕಣ ಕಟ್ಟಿದ. ಬೆಳಗಾಗುವ ಹೊತ್ತಿಗೆ ನೀರಗಂಟಿ ಬುಟ್ಟಿಯ ಮೇಲೆ ಕೈಯಿಟ್ಟು ಆಣೆ ಹೇಳಿದ. ಊರಿಗೆ ಊರೇ ಎದ್ದು ನಿಂತಿತು. ತಮಟೆಯವರು ಮುಂದೆ, ಬುಟ್ಟಿ ಹೊತ್ತವರು ಹಿಂದೆ, ಹೆಂಗಸರು ಅರಿಸಿನದ ನೀರು ಚೆಲ್ಲುತ್ತ ಹಿಂದೆ ಹಿಂದೆ. ಸೂರ್ಯ ಹುಟ್ಟುವಾಗ ಬುಟ್ಟಿಯನ್ನು ಗಡಿಕಲ್ಲಿನ ಆಚೆ, ಮೂಡಲ ದಾರಿಯಲ್ಲಿ ಇಳಿಸಿ, ತಿರುಗಿ ನೋಡದೆ ವಾಪಸ್ಸು ಬಂದೆವು. ಉಳಿದವರ ಕಂಕಣ ಬಿಚ್ಚಿದರು, ನೀರಗಂಟಿಯದು ಬಿಚ್ಚಲಿಲ್ಲ. ಅವನು ಅಲ್ಲೇ ಒಂದು ಗರಿಯ ಚಪ್ಪರ ಹಾಕಿಕೊಂಡು ಕೂತ.

ಜ್ವರ ನಿಂತಿತು. ತಾನಾಗಿ ನಿಂತಿತೋ, ಸಾಯುವವರೆಲ್ಲ ಸತ್ತಾಗಿತ್ತೋ ನನಗೆ ಗೊತ್ತಿಲ್ಲ. ವಾರದಲ್ಲಿ ಹೊಸದಾಗಿ ಯಾರೂ ಮಲಗಲಿಲ್ಲ. ಊರವರು ನಮ್ಮವರ ಕಾಲಿಗೆ ಬೀಳುವುದೊಂದು ಬಾಕಿ. ಎಂಥ ಆಟ ಕಟ್ಟಿದ್ರಿ ಮೇಷ್ಟ್ರೇ ಎಂದು ಬಾಗಿಲಿಗೆ ಅವರೆಕಾಯಿ, ಕುಂಬಳಕಾಯಿ ತಂದು ಇಟ್ಟು ಹೋದರು. ನಾವು ಸಂತೋಷದಲ್ಲಿ ಕುರುಡಾಗಿದ್ದೆವು. ಮಗಳಿಗೆ ಹೇಳಿಕಳಿಸಿದೆವು, ಈಗ ಬಾ ಎಂದು. ನಮ್ಮ ಮನೆಯ ಮಗಳಿಗೂ ಆ ಆಣೆಗೂ ಏನು ಸಂಬಂಧ ಎಂದು ನಮಗಿಬ್ಬರಿಗೂ ಹೊಳೆಯಲಿಲ್ಲ. ಆಟದ ಆಣೆ ಅಲ್ಲವೇ ಅದು.

ಬೆಳಗಿನ ಬಿಸಿಲು ಏರುವ ಹೊತ್ತಿಗೆ ಗಾಡಿ ಕಾಣಿಸಿತು ಎಂದು ಯಾರೋ ಬಂದು ಹೇಳಿದರು. ನಾನು ಆರತಿ ತಟ್ಟೆ ಹಿಡಿದು ಓಡಿದೆ. ಕಮಾನಿನ ಗಾಡಿ ಕಲ್ಲಿನಿಂದ ಆಚೆ ನಿಂತಿತ್ತು. ಹೊಡೆಯುತ್ತಿದ್ದವರು ಅಳಿಯನ ಚಿಕ್ಕಪ್ಪ. ಅಳಿಯ ಯಾಕೆ ಬರಲಿಲ್ಲ ಎಂದರೆ, ಎರಡು ದಿನದಿಂದ ಮೈ ಬಿಸಿ, ಊರಲ್ಲೂ ನಾಲ್ಕಾರು ಮನೆಗೆ ಹಿಡಿದಿದೆ ಎಂದರು. ಮಗಳು ಒಳಗಿನಿಂದ "ಅಮ್ಮಾ" ಎಂದಳು. ಕಮಾನಿನ ನೆರಳಿನಲ್ಲಿ ಅವಳ ಮುಖ, ದೊಡ್ಡ ಹೊಟ್ಟೆ, ಮಡಿಲಲ್ಲಿ ಒಂದು ಗಂಟು. ಎತ್ತುಗಳ ಮೂಗುದಾರಕ್ಕೆ ನೀರಗಂಟಿ ದೊಣ್ಣೆ ಅಡ್ಡ ಹಿಡಿದು ನಿಂತಿದ್ದ.

"ದಾರಿ ಬಿಡಪ್ಪ, ನಮ್ಮ ಕೂಸು" ಎಂದೆ.

"ಬುಡಕ್ಕಾಗಕಿಲ್ಲ ಕಣವ್ವಾ."

ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡೆ. ಅವನ ಕಣ್ಣಿನಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು. ಹಿಂದಿನಿಂದ ನಮ್ಮವರು ಏದುಸಿರು ಬಿಡುತ್ತ ಬಂದರು. ಅವರ ಹಿಂದೆ ಗೌಡರು, ಪೂಜಾರಿ, ಊರ ಜನ.

"ಲೋ, ನಿನಗೆ ತಲೆ ಕೆಟ್ಟಿದೆಯಾ?" ಎಂದರು ನಮ್ಮವರು. "ಅದು ಆಟ ಕಣೋ! ಆ ಮಾತು ನಾನು ಬರೆದದ್ದು. ನಾನೇ ಹೇಳ್ತಾ ಇದೀನಿ, ಬಿಡು."

"ನೀವು ಬರ್ದಿದ್ದು ನಿಜ ಸ್ವಾಮಿ. ಆಡಿದ್ದು ನಾನು. ಅಮ್ಮನ ಮ್ಯಾಲೆ ಕೈಯಿಕ್ಕಿ ಆಡಿದ್ದು. ಕಂಕಣ ಇನ್ನೂ ಕೈಯಾಗೈತೆ, ನೋಡಿ." ಕೈ ಚಾಚಿ ತೋರಿಸಿದ. "ಹೆತ್ತೋಳು ಬಂದ್ರೂ ಬುಡಕಿಲ್ಲ ಅಂತ ಹೇಳ್ಬುಟ್ಟಿವ್ನಿ. ಈಗ ಹೆಂಗೆ ಬುಡ್ಲಿ?"

ನಮ್ಮವರು ಗೌಡರ ಕಡೆ ತಿರುಗಿದರು. ಗೌಡರು ನೆಲ ನೋಡಿದರು. "ಮೇಷ್ಟ್ರೇ, ಅಮ್ಮ ಆ ಊರಿಗೆ ಹೋಗವ್ಳೆ. ಅಲ್ಲಿಂದ ಗಾಡಿ ಬಂದ್ರೆ ಅಮ್ಮನೂ ಕೂತ್ಕಂಡು ಬತ್ತಾಳೆ. ಹುಣ್ಣಿಮೆ ಕಳೀಲಿ. ನನ್ನ ಕಿರಿ ಮಗ ಒಬ್ನೇ ಉಳ್ದವ್ನೆ" ಎಂದರು. ಬೈದಿದ್ದರೆ, ಕೂಗಾಡಿದ್ದರೆ ನಾನೂ ಕೂಗಾಡುತ್ತಿದ್ದೆ. ಆ ಮುದುಕ ನನಗೆ ಕೈ ಮುಗಿದ. ಊರ ಹೆಂಗಸರು ಸೆರಗು ಬಾಯಿಗೆ ಹಿಡಿದು ಅಳುತ್ತಿದ್ದರು. ಅಳುತ್ತಿದ್ದರೇ ಹೊರತು ಒಬ್ಬಳೂ ಅಡ್ಡ ಬಂದು ದೊಣ್ಣೆ ಸರಿಸಲಿಲ್ಲ. ಎಲ್ಲರಿಗೂ ಮನೆಯಲ್ಲಿ ಉಳಿದ ಒಂದೆರಡು ಜೀವ ಇತ್ತಲ್ಲ.

ನನಗೆ ಮೈಮೇಲೆ ಬಂದ ಹಾಗಾಯಿತು. ಆರತಿ ತಟ್ಟೆ ಎಸೆದೆ. ನಿಮ್ಮ ಮನೆ ಹಾಳಾಗ, ನಿಮ್ಮ ಅಮ್ಮನಿಗಿಷ್ಟು, ನಿಮ್ಮ ಆಣೆಗಿಷ್ಟು ಎಂದು ಬಾಯಿಗೆ ಬಂದದ್ದೆಲ್ಲ ಅಂದೆ. ಆಮೇಲೆ ಕಲ್ಲು ದಾಟಿ ಹೆಜ್ಜೆ ಇಟ್ಟೆ.

"ಅವ್ವಾ, ದಾಟ್ಬ್ಯಾಡ! ದಾಟಿದ್ರೆ ನಿನ್ನೂ ಬುಡಕ್ಕಾಗಕಿಲ್ಲ" ಎಂದು ನೀರಗಂಟಿ ಕೂಗಿದ. ದಾಟಿದೆ. ನಮ್ಮವರು ಮಧುಗಿರಿಗೆ ಹೋಗಿ ಡಾಕ್ಟರನ್ನೋ ಪೊಲೀಸರನ್ನೋ ಯಾರನ್ನಾದರೂ ಕರೆತರುತ್ತೇನೆ ಎಂದು ಹಾಗೇ ಪಡುವಲಿಗೆ ಓಡಿದರು. ಮೇಷ್ಟ್ರು ಓಡುವುದನ್ನು ನಾನು ನೋಡಿದ್ದು ಅದೊಂದೇ ಸಲ.

ಗಾಡಿ ಹತ್ತಿ ಮಗಳ ಹಣೆ ಮುಟ್ಟಿದೆ. ಕೆಂಡ. "ಯಾವಾಗಿಂದ ಕೂಸೇ?" ಎಂದೆ. "ನಿನ್ನೆ ರಾತ್ರಿಯಿಂದ. ಹೇಳಿದ್ರೆ ಕಳಿಸಲ್ಲ ಅಂತ ಹೇಳ್ಲಿಲ್ಲ" ಎಂದಳು. ಅದನ್ನು ಕೇಳಿ ನಾನು ಕಲ್ಲಿನ ಕಡೆ ತಿರುಗಿ ನೋಡಲಾರದೆ ಹೋದೆ. ಅವರು ಹೆದರಿದ್ದು ಸುಳ್ಳಲ್ಲ. ಗಾಡಿಯನ್ನು ಒಳಗೆ ಬಿಟ್ಟಿದ್ದರೆ ಗೌಡರ ಕಿರಿಯ ಮಗನೂ ಹೋಗುತ್ತಿದ್ದನೋ ಏನೋ. ಇಷ್ಟು ವರ್ಷದ ಮೇಲೆ ಇದನ್ನು ಬರೆಯುವಾಗಲೂ ಮೈ ಉರಿಯುತ್ತದೆ. ಅವರು ತಪ್ಪು ಮಾಡಿದ್ದರೆ ನನಗೆ ಎಷ್ಟೋ ನೆಮ್ಮದಿ ಇರುತ್ತಿತ್ತು.

ಗಾಡಿಯನ್ನು ಬಂದ ದಾರಿಗೇ ತಿರುಗಿಸಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಹೆರಿಗೆಯ ನೋವು ಬಂತು. ದಾರಿಯ ಪಕ್ಕ ದಾರಿಹೋಕರಿಗೆಂದು ಹಿಂದಿನವರು ಕಟ್ಟಿಸಿದ ಕಲ್ಲಿನ ಮಂಟಪ ಇತ್ತು. ಅಲ್ಲಿ ಇಳಿಸಿದೆವು. ಚಿಕ್ಕಪ್ಪ ಕಮಾನಿನ ಚಾಪೆ ಬಿಚ್ಚಿ ಮರೆ ಕಟ್ಟಿ, ನೀರಿಗಾಗಿ ಬಾವಿ ಹುಡುಕಿಕೊಂಡು ಹೋದರು. ನಾನೊಬ್ಬಳೇ. ಎಷ್ಟೋ ಮನೆಯಲ್ಲಿ ಹೆರಿಗೆಗೆ ಕೈ ಕೊಟ್ಟವಳು ನಾನು, ಆ ದಿನ ಕೈ ಕಟ್ಟಿ ಹಾಕಿದ ಹಾಗಿತ್ತು. ಮಧ್ಯಾಹ್ನ ಹೆಣ್ಣು ಮಗು ಹುಟ್ಟಿತು. ಸಣ್ಣ ದನಿ, ಆದರೆ ಅತ್ತಿತು. ಮಗಳು ಮಗುವನ್ನು ನೋಡಿದಳು, ಅಷ್ಟು ಭಾಗ್ಯ ಅವಳಿಗಿತ್ತು. "ಅಪ್ಪನ ಮೂಗು" ಎಂದಳು. ಆಮೇಲೆ ಜ್ವರದಲ್ಲಿ ತೆಲುಗಿನಲ್ಲಿ ಏನೇನೋ ಮಾತಾಡಿದಳು. ನನಗೆ ಅರ್ಥವಾಗಲಿಲ್ಲ. ನಾನು ಹೆತ್ತ ಮಗಳು ಕೊನೆಗೆ ಏನು ಹೇಳಿದಳು ಎಂಬುದು ನನಗೆ ತಿಳಿಯದೆ ಹೋಯಿತಲ್ಲ, ಈ ಸಂಕಟಕ್ಕೆ ಎಲ್ಲಿ ಮದ್ದು ಹುಡುಕಲಿ? ಬಿಸಿಲು ಇಳಿಯುವ ಮೊದಲೇ ಹೋಗಿಬಿಟ್ಟಳು.

ನಮ್ಮವರು ಬಂದದ್ದು ಮಾರನೆಯ ದಿನ, ಒಬ್ಬರೇ. ಯಾರೂ ಸಿಕ್ಕಿರಲಿಲ್ಲ, ಡಾಕ್ಟರೂ ಹಾಸಿಗೆ ಹಿಡಿದಿದ್ದರಂತೆ. ಕಲ್ಲು ದಾಟುವಾಗ ನೀರಗಂಟಿ ಅವರಿಗೂ ಹೇಳಿದನಂತೆ, ದಾಟಿದರೆ ಹುಣ್ಣಿಮೆಯವರೆಗೆ ಬರುವ ಹಾಗಿಲ್ಲ ಎಂದು. ಮಗಳು ಹೋದದ್ದನ್ನು, ಮಗು ಹುಟ್ಟಿದ್ದನ್ನು ಚಿಕ್ಕಪ್ಪ ಹಿಂದಿನ ಸಂಜೆಯೇ ಕಲ್ಲಿನ ಹತ್ತಿರ ಹೋಗಿ ಕೂಗಿ ಹೇಳಿದ್ದರು. ನಮ್ಮವರು ಅವನಿಂದ ಗುದ್ದಲಿ ಕೇಳಿ ತೆಗೆದುಕೊಂಡು ಬಂದರು. ಮಂಟಪದ ಹಿಂದೆ, ಎರಡೂ ಊರಿಗೆ ಸೇರದ ನೆಲದಲ್ಲಿ ಅವಳಿಗೆ ಮಣ್ಣು ಕೊಟ್ಟೆವು. ಮಗುವನ್ನು ಅಪ್ಪನ ಊರಿಗೆ ಒಯ್ಯೋಣವೇ ಎಂದರೆ ಚಿಕ್ಕಪ್ಪ ಕೈ ಆಡಿಸಿದರು. "ವದ್ದಮ್ಮಾ, ಬೇಡ. ಅಲ್ಲಿ ಮನೆಮನೆಗೂ ಜ್ವರ. ಪಿಲ್ಲನ್ನ ಇಲ್ಲೇ ಇಟ್ಕೋಳಿ" ಎಂದು ಗಾಡಿಯಲ್ಲಿದ್ದ ಅಕ್ಕಿ, ಪಾತ್ರೆ, ಚಾಪೆ ಎಲ್ಲ ಇಳಿಸಿ ಹೋದರು. ಆ ಮಂಟಪದಲ್ಲಿ ನಾವು ಮೂರು ಜೀವ ಉಳಿದೆವು. ಈ ಮಗುವನ್ನಾದರೂ ಮನೆಗೆ ಸೇರಿಸಬೇಕು, ನನಗೆ ಬೇರೆ ಯೋಚನೆಯೇ ಇರಲಿಲ್ಲ.

ಹಾಲು ತಂದವನು ನೀರಗಂಟಿ. ಅವನ ಹಸು ಕರು ಹಾಕಿತ್ತು. ಬೆಳಗ್ಗೆ ಒಂದು ಕುಡಿಕೆ ಹಾಲನ್ನು ಕಲ್ಲಿನ ಆಚೆ ನಮ್ಮ ಕಡೆಗೆ ಇಟ್ಟು, ಹಿಂದಕ್ಕೆ ಸರಿದು ನಿಲ್ಲುವನು. ನಾನು ಹೋಗಿ ಎತ್ತಿಕೊಳ್ಳುವೆ. ಆಚೆಗೆ ಏನು ಬೇಕಾದರೂ ಹೋಗಬಹುದು, ಈಚೆಗೆ ಏನೂ ಬರಬಾರದು. ಹಾಗಾಗಿ ಖಾಲಿ ಕುಡಿಕೆಯನ್ನೂ ವಾಪಸ್ಸು ಕೊಡುವಂತಿರಲಿಲ್ಲ. ದಿನಕ್ಕೊಂದು ಹೊಸ ಕುಡಿಕೆ. ಅವನು ಮಗು ಹೆಂಗೈತೆ ಎಂದು ಕೇಳುವನು. ನಾನು ಉತ್ತರ ಕೊಡುತ್ತಿರಲಿಲ್ಲ. "ಬಯ್ಯವ್ವಾ, ಒಂದು ಮಾತಾದ್ರೂ ಬಯ್ಯಿ" ಎನ್ನುವನು. ಅದನ್ನೂ ಕೊಡಲಿಲ್ಲ ನಾನು. ಮೊದಲ ದಿನವೇ ನನ್ನ ಬೈಗುಳ ಎಲ್ಲ ಮುಗಿದು ಹೋಗಿತ್ತು. ಬಟ್ಟೆಯ ಬತ್ತಿಯನ್ನು ಹಾಲಿನಲ್ಲಿ ಅದ್ದಿ ಮಗುವಿನ ಬಾಯಿಗಿಟ್ಟರೆ ಚೀಪುತ್ತಿತ್ತು. ಚೀಪುವಾಗ ಮುಷ್ಟಿ ಬಿಗಿ ಹಿಡಿಯುತ್ತಿತ್ತು. ಬದುಕುತ್ತದೆ ಎಂದೇ ನಂಬಿದ್ದೆ.

ನಮ್ಮವರು ಕಂಬಕ್ಕೆ ಒರಗಿ ಕೂತೇ ಇರುತ್ತಿದ್ದರು. ಒಂದು ದಿನ ಇದ್ದಕ್ಕಿದ್ದ ಹಾಗೆ ಕೇಳಿದರು. "ಲೇ, ಇದರಲ್ಲಿ ರಾಕ್ಷಸ ಯಾರೇ?"

ನಾನು ಮಗುವಿಗೆ ಎಣ್ಣೆ ಹಚ್ಚುತ್ತಿದ್ದೆ.

"ನೀರಗಂಟಿ ಅನ್ನೋಣ ಅಂದ್ರೆ ಹಾಲು ತಂದಿಡ್ತಾನೆ. ಗೌಡರು ಅನ್ನೋಣ ಅಂದ್ರೆ ಮಗನ್ನ ಕಳ್ಕೊಂಡೋರು. ಬೀಗರು ಅನ್ನಕ್ಕಾಗಲ್ಲ. ನಾನಾ? ನಾನು ಅಂತಾದ್ರೂ ಹೇಳೇ. ಯಾರಾದ್ರೂ ಒಬ್ಬ ಇರಬೇಕಲ್ಲ."

"ನನ್ನ ಹತ್ರ ಈ ಮಾತು ಆಡಬೇಡಿ" ಎಂದೆ. ನನಗೂ ಅದೇ ಬೇಕಾಗಿತ್ತು. ಎದುರಿಗೆ ನಿಲ್ಲಿಸಿಕೊಂಡು ಕೆನ್ನೆಗೆ ಹೊಡೆಯಲು ಒಂದು ಮುಖ. ಕೋರೆಹಲ್ಲಿನದೊಂದು ಮುಖ ಸಿಕ್ಕಿದ್ದರೆ ಹೊಡೆದು, ಅತ್ತು, ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಹುಡುಕಿದಷ್ಟೂ ಅಳುವ ಮುಖಗಳೇ ಸಿಕ್ಕವು. ಅವರು ಆಮೇಲೆ ಬದುಕಿದ್ದಷ್ಟು ದಿನವೂ ಇನ್ನೊಂದು ಆಟ ಕಟ್ಟಲಿಲ್ಲ.

ಹುಣ್ಣಿಮೆ ಇನ್ನೇನು ಹತ್ತಿರ ಇತ್ತು. ಒಂದು ಬೆಳಗ್ಗೆ ಬತ್ತಿ ಬಾಯಿಗಿಟ್ಟರೆ ಮಗು ಚೀಪಲಿಲ್ಲ. ಜ್ವರವಿಲ್ಲ, ಅಳುವಿಲ್ಲ. ತಾಯಿಯ ಪಕ್ಕದಲ್ಲೇ ಒಂದು ಸಣ್ಣ ಗುಂಡಿ ತೋಡಿದೆವು. ಅಷ್ಟು ಸಣ್ಣ ಗುಂಡಿ ತೋಡಲು ನಮ್ಮವರಿಗೆ ಎಷ್ಟು ಹೊತ್ತು ಹಿಡಿಯಿತೋ!

ಮಾರನೆಯ ದಿನವೂ ಕಲ್ಲಿನ ಹತ್ತಿರ ಹಾಲು ಬಂತು. ಹೋಗಿ ಎತ್ತಿಕೊಂಡು ಬಂದೆ. ಮಗು ಹೆಂಗೈತೆ ಅವ್ವಾ ಎಂದ. ಎಂದಿನಂತೆ ಸುಮ್ಮನಿದ್ದೆ. ಅದರ ಮಾರನೆಯ ದಿನವೂ ಹಾಗೇ. ಯಾಕೆ ಹೇಳಲಿಲ್ಲ ಎಂದು ಕೇಳಿದರೆ ನನಗೆ ಸರಿಯಾದ ಉತ್ತರ ಗೊತ್ತಿಲ್ಲ. ಕಲ್ಲಿನ ಆ ಕಡೆ ಒಬ್ಬನಾದರೂ ಮಗು ಬದುಕಿದೆ ಎಂದುಕೊಂಡು ಹಾಲು ಕರೆಯುತ್ತಿದ್ದಾನೆ. ಹೇಳಿಬಿಟ್ಟರೆ ಅದೂ ಮುಗಿಯುತ್ತದೆ. ಹಾಲನ್ನು ಮಂಟಪದ ಹಿಂದಕ್ಕೆ ಒಯ್ದು ಆ ಸಣ್ಣ ಮಣ್ಣಿನ ಮೇಲೆ ಸುರಿಯುತ್ತಿದ್ದೆ. ನಮ್ಮವರು ಕಂಬಕ್ಕೆ ಒರಗಿ ನೋಡುತ್ತಿದ್ದರು.

ಹುಣ್ಣಿಮೆಯ ಬೆಳಗ್ಗೆ ತಮಟೆಯ ಸದ್ದು ಕೇಳಿಸಿತು. ಪೂಜಾರಿ ಕಲ್ಲಿಗೆ ಕಾಯಿ ಒಡೆದು ನೀರಗಂಟಿಯ ಕಂಕಣ ಬಿಚ್ಚಿದ. ಊರ ಹೆಂಗಸರು ಕಳಸ, ಅರಿಸಿನ ಕುಂಕುಮ, ಆರತಿ ಎಲ್ಲ ಹಿಡಿದು ಬಂದಿದ್ದರು. ನಾವಿಬ್ಬರೂ ಚಾಪೆ ಸುತ್ತಿಕೊಂಡು ನಡೆದು ಹೋದೆವು. ನೀರಗಂಟಿ ಬೆಳಗ್ಗೆಯೇ ಸ್ನಾನ ಮಾಡಿ, ಒಗೆದ ಪಂಚೆ ಉಟ್ಟು, ಹೊಸ ಕಂಬಳಿಯೊಂದನ್ನು ಎರಡೂ ಕೈಯ ಮೇಲೆ ಹಾಸಿಕೊಂಡು ಕಲ್ಲಿನ ಪಕ್ಕ ನಿಂತಿದ್ದ. ಬಗ್ಗಿ ಕೈ ಮುಂದೆ ಚಾಚಿದ.

"ಕೊಡವ್ವಾ ಕೂಸ್ನ. ನಾನೇ ಎತ್ಕಂಡ್ ಬತ್ತೀನಿ ಊರೊಳೀಕೆ."